ಭಟ್ಟರ ಲಾರಿ

ನಾವು ಮೂವತ್ತೇಳು ವರ್ಷಗಳ ಕಾಲ ಪ್ರೌಢಶಾಲೆಯ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ 2024ರಲ್ಲಿ ವಿಶ್ರಾಂತರಾದವರು. ಇಂಥವರು ಲೇಖನಿಯನ್ನು ಹಿಡಿದರೆ ಕಾಳಿದಾಸನ ಉಪಮೆಗಳ ವಿಷಯವಾಗಿಯೋ, ಈಗಿನ ಮಕ್ಕಳ ಉಚ್ಚಾರಣೆಯ ಅಧೋಗತಿಯ ವಿಷಯವಾಗಿಯೋ ಬರೆಯುವರೆಂದು ವಾಚಕರು ನಿರೀಕ್ಷಿಸುವುದು ಸಹಜವೇ ಸರಿ. ಲಾರಿಯ ವಿಷಯವಾಗಿ ಬರೆಯಬೇಕೆಂದಿದ್ದೇವೆ ಎಂದಾಗ ನಮ್ಮ ಮನೆಯವರೇ ನಕ್ಕುಬಿಟ್ಟರು. ಆದರೆ ನಿಜವನ್ನು ಹೇಳುವುದಾದರೆ, ನಾವು ರಾಮಶಬ್ದವನ್ನು ತಪ್ಪಿಲ್ಲದಂತೆ ಕಲಿತದ್ದು ಯಾವ ಶಾಸ್ತ್ರಿಗಳ ಸನ್ನಿಧಿಯಲ್ಲಿಯೂ ಅಲ್ಲ. ಶಿರಾಡಿ ಘಟ್ಟದ ಮೇಲೆ, ಹೆಂಚು ತುಂಬಿದ ಲಾರಿಯ ಮುಂಭಾಗದಲ್ಲಿ ಕುಳಿತು, ನಡುರಾತ್ರಿಯಲ್ಲಿ ಕಲಿತೆವು. ಈ ಮಾತನ್ನು ನಾವು ನಲವತ್ತೈದು ವರ್ಷಕ್ಕೂ ಮೇಲ್ಪಟ್ಟು ಯಾರ ಮುಂದೆಯೂ ಆಡಿದವರಲ್ಲ.

ನಮ್ಮ ಹುಟ್ಟೂರು ದಕ್ಷಿಣ ಕನ್ನಡ ಜಿಲ್ಲೆಯ ನೆಲ್ಯಾಡಿಯ ಬಳಿ. ಮನೆಯ ಅಂಗಳದಿಂದ ಒಂದು ಕೂಗಳತೆಯ ದೂರದಲ್ಲಿ ಹೆದ್ದಾರಿ. ಅದು ಮಂಗಳೂರಿನಿಂದ ಹೊರಟು, ಉಪ್ಪಿನಂಗಡಿಯನ್ನು ದಾಟಿ, ಗುಂಡ್ಯದ ಬಳಿ ಘಟ್ಟವನ್ನು ಹಿಡಿದು, ಕೆಂಪುಹೊಳೆಯ ಪಕ್ಕದಲ್ಲಿಯೇ ಏರುತ್ತ ಸಕಲೇಶಪುರವನ್ನು ಸೇರುವುದು. ಆಗ ಅದರ ಸಂಖ್ಯೆ 48, ಈಗ 75. ಹಿಂದಿನವರು ಇದನ್ನೇ ಮಂಜರಾಬಾದು ಘಟ್ಟವೆಂದು ಕರೆಯುತ್ತಿದ್ದರು. ಹಾಸನಕ್ಕೂ ಮಂಗಳೂರಿಗೂ ರೈಲುದಾರಿ ಪೂರ್ಣವಾದದ್ದು 1979ರಲ್ಲಿ. ಅಲ್ಲಿಯವರೆಗೆ ಈ ದಾರಿಯ ಸರಕೆಲ್ಲವೂ ಲಾರಿಯ ಬೆನ್ನೇರಿಯೇ ಘಟ್ಟವನ್ನು ಹತ್ತಿ ಇಳಿಯಬೇಕಾಗಿದ್ದಿತು. ಮೇಲಕ್ಕೆ ಹೆಂಚು, ಉಪ್ಪು, ತೆಂಗಿನಕಾಯಿ, ಒಣಮೀನು. ಕೆಳಕ್ಕೆ ಅಕ್ಕಿ, ಬೆಲ್ಲ, ಹಾಸನದ ಆಲೂಗಡ್ಡೆ, ಕಾಫಿ. ಮಂಗಳೂರು ಹೆಂಚಿನ ಮಾತನ್ನು ಹೇಳಬೇಕಾದ್ದೇ ಇಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆಯನ್ನು ತೆರೆದ ಮೇಲೆ, ಘಟ್ಟದ ಮೇಲಣ ಹುಲ್ಲುಮಾಡುಗಳು ಒಂದೊಂದಾಗಿ ಕೆಂಪಾದುವು. ನಮ್ಮ ಬಾಲ್ಯದಲ್ಲಿ ಆ ಕೆಂಪನ್ನು ಹೊತ್ತು ಹೋಗುತ್ತಿದ್ದವರು ಲಾರಿಯವರು.

ರಾತ್ರಿಯಲ್ಲಿ ಚಾಪೆಯ ಮೇಲೆ ಮಲಗಿ ಶಬ್ದದಿಂದಲೇ ಲಾರಿಯ ಜಾತಿಯನ್ನು ಹೇಳುವುದು ನಮ್ಮ ಮನೆಯ ಮಕ್ಕಳ ಆಟವಾಗಿದ್ದಿತು. ಬೊಂಬಾಯಿಯಲ್ಲಿ ತಯಾರಾಗುತ್ತಿದ್ದ ಫಾರ್ಗೊ ಮತ್ತು ಡಾಡ್ಜ್, ಹಿಂದುಸ್ಥಾನ್ ಮೋಟರ್ಸಿನವರ ಬೆಡ್‌ಫೋರ್ಡ್, ಮದರಾಸಿನ ಲೇಲ್ಯಾಂಡ್ ಕಾಮೆಟ್, ಜಮ್ಶೆಡ್‌ಪುರದ ಟಾಟಾ, ಒಂದೊಂದರ ಗಂಟಲೂ ಒಂದೊಂದು ಬಗೆ. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಕಂಪೆನಿಯವರೊಡನೆ ಸೇರಿ ಲಾರಿಗಳನ್ನು ಕಟ್ಟತೊಡಗಿದರು. ಆ ಒಪ್ಪಂದವು 1969ರಲ್ಲಿ ಮುಗಿಯಿತು. ಅಲ್ಲಿಯವರೆಗಿನ ಲಾರಿಗಳ ಮೂಗಿನ ಮೇಲೆ ಮೂರು ಮೊನೆಯ ನಕ್ಷತ್ರವಿರುತ್ತಿದ್ದಿತು. ಅನಂತರ ಬಂದುವಕ್ಕೆ ನಕ್ಷತ್ರವಿಲ್ಲ. ಲಾರಿಯವರು ಮಾತ್ರ ಎರಡನ್ನೂ ‘ಬೆಂಜ್’ ಎಂದೇ ಕರೆಯುತ್ತಿದ್ದರು; ನಕ್ಷತ್ರವುಳ್ಳದ್ದಕ್ಕೆ ಮರ್ಯಾದೆ ಒಂದು ತೂಕ ಹೆಚ್ಚು.

ಇನ್ನೊಂದು ಸಂಗತಿಯನ್ನು ಈಗಿನವರು ಬಲ್ಲರೋ ಇಲ್ಲವೋ. ಆಗ ಕಾರ್ಖಾನೆಯಿಂದ ಇಡೀ ಲಾರಿ ಬರುತ್ತಿರಲಿಲ್ಲ. ಇಂಜಿನು, ಚಕ್ರ, ಉಕ್ಕಿನ ಚೌಕಟ್ಟು, ಮುಂದಿನ ಮುಖ, ಇಷ್ಟೇ. ಅದನ್ನು ತೆರೆದ ಪೀಠದ ಮೇಲೆ ಕುಳಿತು, ಮುಖಕ್ಕೆ ಬಟ್ಟೆ ಸುತ್ತಿಕೊಂಡು, ನೂರಾರು ಹರದಾರಿ ನಡೆಸಿಕೊಂಡು ಬರುತ್ತಿದ್ದರು. ಮೇಲಣ ಕೋಣೆಯನ್ನೂ ಹಿಂದಿನ ತೊಟ್ಟಿಯನ್ನೂ ಊರಿನ ಬಡಗಿ, ಕಮ್ಮಾರರೇ ಮರದಿಂದ ಕಟ್ಟಬೇಕು. ಆದುದರಿಂದ ಒಂದು ಲಾರಿಯಂತೆ ಇನ್ನೊಂದಿರುತ್ತಿರಲಿಲ್ಲ. ನಮ್ಮ ಸೋದರಮಾವನವರು ನಡೆಸುತ್ತಿದ್ದ ಲಾರಿಯ ಬಾಗಿಲಿನ ಚೌಕಟ್ಟಿನಲ್ಲಿ ಬಡಗಿಯು ದೇವರಮನೆಯ ಬಾಗಿಲಿಗೆ ಕೆತ್ತುವಂಥ ಬಳ್ಳಿಯೊಂದನ್ನು ಕೆತ್ತಿದ್ದನು. ‘ಎಂ. ವೈ.’ ಎಂದು ಮೊದಲಾಗುವ ಹಳೆಯ ಮೈಸೂರು ರಾಜ್ಯದ ಸಂಖ್ಯೆಯ ಫಲಕ, ಅದರ ಮೇಲೆ ನಕ್ಷತ್ರ, ನಕ್ಷತ್ರದ ಮೇಲೆ ಒಣಗಿದ ತುಳಸಿಯ ಮಾಲೆ. ದಾರಿಯುದ್ದಕ್ಕೂ ಅದಕ್ಕೆ ‘ಭಟ್ಟರ ಲಾರಿ’ ಎಂದು ಹೆಸರು. ಲಾರಿ ಭಟ್ಟರದಾಗಿರಲಿಲ್ಲ, ಮಂಗಳೂರಿನ ಧನಿಗಳೊಬ್ಬರದು. ಭಟ್ಟರು ಸಂಬಳಕ್ಕೆ ನಡೆಸುವವರು.

ಮಾವನವರು ಹುಟ್ಟಿದ್ದು 1928ರಲ್ಲಿ. ಅಜ್ಜನವರು ಅವರನ್ನು ಎಳವೆಯಲ್ಲಿಯೇ ಒಂದು ಪಾಠಶಾಲೆಗೆ ಸೇರಿಸಿದ್ದರು. ಅಲ್ಲಿ ವಿದ್ಯೆ ಉಚಿತ, ಊಟ ವಾರಾನ್ನ. ವಾರದ ಏಳು ದಿನ ಏಳು ಮನೆ. ಆರು ಮನೆಗಳ ವಿಷಯದಲ್ಲಿ ಮಾವನವರ ದೂರೇನೂ ಇರಲಿಲ್ಲ. ಗುರುವಾರದ ಮನೆಯಲ್ಲಿ ಮಾತ್ರ ಹುಡುಗನನ್ನು ಹೊರಗಿನ ಜಗುಲಿಯಲ್ಲಿ ಮಧ್ಯಾಹ್ನ ಎರಡು ಗಂಟೆಯವರೆಗೆ ಕೂರಿಸಿ, ಒಳಗೆ ಎಲ್ಲರದೂ ಮುಗಿದ ಮೇಲೆ, ತಳ ಹಿಡಿದ ಅನ್ನವನ್ನು ಬಡಿಸುತ್ತಿದ್ದರಂತೆ. ಮುಂದೆ ಲಾರಿಯ ಬದುಕಿನಲ್ಲಿ ಎಲ್ಲಿಯಾದರೂ ಕೆಟ್ಟುನಿಂತು ಊಟ ತಪ್ಪಿದರೆ, ‘ಈವತ್ತು ಗುರುವಾರದ ಮನೆ’ ಎನ್ನುವುದು ಅವರ ಪದ್ಧತಿಯಾಗಿದ್ದಿತು. 1943ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಒಂದು ಗುರುವಾರ ಆ ಜಗುಲಿಯಿಂದ ಎದ್ದವರು ಪಾಠಶಾಲೆಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಎರಡು ತಿಂಗಳಾದ ಮೇಲೆ ಯಾರೋ ಮಂಗಳೂರಿನ ಬಂದರಿನಲ್ಲಿ ಕಂಡರಂತೆ. ಹುಡುಗ ಲಾರಿಯೊಂದರ ಹಿಂದೆ ನಿಂತು ಇದ್ದಲು ಹಾಕುತ್ತಿದ್ದನು.

ಇದ್ದಲೆಂದರೆ ಏನೆಂದು ಕೇಳುವವರುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ರೇಷನ್ನಿಗೆ ಒಳಪಟ್ಟಿತು. ಬಸ್ಸು, ಲಾರಿಗಳಿಗೆ ಇದ್ದಲಿನ ಅನಿಲದ ಯಂತ್ರವನ್ನು ಕಟ್ಟಿಕೊಂಡರು. ಮನೆಯ ಹಂಡೆಗಿಂತ ದೊಡ್ಡದಾದ ಒಂದು ಕಬ್ಬಿಣದ ಉರುಳೆ. ಅದರಲ್ಲಿ ಇದ್ದಲನ್ನು ತುಂಬಿ, ಬೆಂಕಿ ಕೊಟ್ಟು, ಕೈಯಿಂದ ತಿರುಗಿಸುವ ಬೀಸಣಿಕೆಯಿಂದ ಗಾಳಿ ಹಾಕಬೇಕು. ಹೊಗೆ ತಿಳಿಯಾಗಿ ಉರಿಯುವಂಥ ಅನಿಲವಾಗಿ ಬರುವವರೆಗೆ ಅರ್ಧ ಗಂಟೆಯಾದರೂ ಆಗುವುದು. ಅನಂತರವಷ್ಟೇ ಇಂಜಿನು ಉಸಿರಾಡುವುದು. ಅದಕ್ಕೆ ಪೆಟ್ರೋಲಿನ ಬಲವೂ ಇಲ್ಲ. ಏರು ಬಂದರೆ ಇಳಿದು ತಳ್ಳುವುದು ಸಾಮಾನ್ಯ. ಹುಡುಗನ ಮೈಯೆಲ್ಲ ಮಸಿ. ‘ಮನೆತನದ ಮುಖಕ್ಕೆ ಮಸಿ ಬಳಿದ’ ಎಂದು ಅಜ್ಜನವರು ಅಂದರಂತೆ. ‘ಅವರ ಮುಖ ತೊಳೆದ ಹಾಗೆಯೇ ಇತ್ತು ಮಾಣಿ, ಮಸಿ ಹತ್ತಿದ್ದು ನನ್ನ ಮುಖಕ್ಕೆ’ ಎಂದು ಮಾವ ನಗುತ್ತಿದ್ದರು. ಯುದ್ಧ ಮುಗಿದ ಮೇಲೆ ಸೈನ್ಯದವರು ಮಾರಿದ ಹಳೆಯ ಲಾರಿಗಳು ಊರೂರಿಗೆ ಬಂದುವು. ಮಾವನವರು ಅಂಥದೊಂದರಲ್ಲಿ ಚಕ್ರ ಹಿಡಿಯುವುದನ್ನು ಕಲಿತು, ಲೈಸೆನ್ಸು ಪಡೆದು, ಭಟ್ಟರಾದರು. ಅಂದರೆ ಲಾರಿಯ ಭಟ್ಟರು. ಲಾರಿಯವನಿಗೆ ಹೆಣ್ಣು ಕೊಡುವವರು ಯಾರು? ಅವರಿಗೆ ಮದುವೆಯಾಗಲಿಲ್ಲ.

ನಮ್ಮ ತಂದೆಯವರು ದೇವಸ್ಥಾನದ ಅರ್ಚಕರು. ಕೆಟ್ಟವರಲ್ಲ, ನಿಯಮದವರು. ಭಾವಮೈದುನನು ದಾರಿಯ ಹೋಟೆಲುಗಳಲ್ಲಿ ಉಣ್ಣುವವನೆಂಬ ಕಾರಣದಿಂದ ಪಂಕ್ತಿಯ ತುದಿಯಲ್ಲಿ, ಒಂದು ಮಣೆಯ ಅಂತರವನ್ನು ಬಿಟ್ಟು, ಅವರಿಗೆ ಎಲೆ ಹಾಕಿಸುತ್ತಿದ್ದರು. ಮಾವನವರು ಅದನ್ನು ನೋಡಿಯೂ ನೋಡದವರಂತೆ ಕುಳಿತು, ಪರಿಷೇಚನ ಮಾಡಿ, ಉಂಡು, ಎಲೆಯನ್ನು ತಾವೇ ಎತ್ತಿ ಹೊರಡುತ್ತಿದ್ದರು. ಆ ಒಂದು ಮಣೆಯ ಅಂತರವು ನಮ್ಮ ಕಣ್ಣಿಗೆ ಅಂದು ನ್ಯಾಯವಾಗಿಯೇ ಕಾಣುತ್ತಿತ್ತೆಂಬುದನ್ನು ಇಲ್ಲಿ ಮರೆಮಾಚದೆ ಹೇಳಬೇಕು.

1976ರ ಜೂನಿನಲ್ಲಿ, ನಮಗೆ ಹನ್ನೆರಡು ತುಂಬಿದಾಗ, ಮೈಸೂರಿನ ಪಾಠಶಾಲೆಯೊಂದಕ್ಕೆ ನಮ್ಮನ್ನು ಕಳುಹಿಸುವುದೆಂದು ನಿಶ್ಚಯವಾಯಿತು. ಬಸ್ಸಿನ ಖರ್ಚು ತಂದೆಯವರಿಗೆ ಭಾರ. ಮಾವನ ಲಾರಿ ಅದೇ ವಾರ ಹೆಂಚು ತುಂಬಿಕೊಂಡು ಮೈಸೂರಿಗೆ ಹೋಗುವುದಿದ್ದಿತು. ಮಗನನ್ನು ಲಾರಿಯಲ್ಲಿ ಕಳುಹಿಸಲು ತಂದೆಯವರಿಗೆ ಮನಸ್ಸಿಲ್ಲ. ಬಿಡಿಗಾಸಿಲ್ಲದೆ ಮೈಸೂರು ಮುಟ್ಟುವುದನ್ನು ಬಿಡಲೂ ಮನಸ್ಸಿಲ್ಲ. ಕೊನೆಗೆ ‘ಹೋಟೆಲಿನಲ್ಲಿ ಏನನ್ನೂ ತಿನ್ನಬೇಡ’ ಎಂದು ಅಪ್ಪಣೆ ಮಾಡಿ, ಅವಲಕ್ಕಿಯ ಗಂಟು ಕೊಟ್ಟು ಹತ್ತಿಸಿದರು.

ರಾತ್ರಿ ಹತ್ತು ಗಂಟೆಯಾಗಿದ್ದಿರಬೇಕು. ಜಡಿಮಳೆ. ಲಾರಿಯಲ್ಲಿ ಮೂರು ಸಾವಿರ ಹೆಂಚು. ನಡುನಡುವೆ ಬೈಹುಲ್ಲು ಕೊಟ್ಟು ನಿಲ್ಲಿಸಿ ಜೋಡಿಸಿದ್ದು. ಮೇಲೆ ಟಾರ್ಪಾಲು, ಅದರಡಿಯಲ್ಲಿ ಹುಲ್ಲನ್ನು ಹಾಸಿಕೊಂಡು ಕ್ಲೀನರು ಮಲಗಿದ್ದನು. ಗುಂಡ್ಯ ಬಂದಾಗ ಎಬ್ಬಿಸಬೇಕೆಂದು ಒಪ್ಪಂದ. ನಾವು ಮಾವನ ಎಡಗಡೆ ಹಲಗೆಯ ಮೇಲೆ. ಇಂಜಿನ್ನಿನ ಕಾವು ಕಾಲಿಗೆ ಹಿತವಾಗಿ ತಗಲುತ್ತಿರಲು ಕಣ್ಣು ತೂಗಿತು. ಆಗ ಮಾವನ ಕೈ ನಮ್ಮ ತಲೆಯ ಮೇಲೆ ಬಿತ್ತು.

‘ಮಾಣಿ, ಮಲಗಬೇಡ. ನೀನು ಮಲಗಿದರೆ ನನಗೂ ನಿದ್ರೆ ಬರುತ್ತದೆ. ಶಬ್ದ ಬರುತ್ತದೆಯೋ? ರಾಮಶಬ್ದ ಹೇಳು.’

ನಾವು ಬೆರಗಾದೆವು. ಲಾರಿಯ ಮಾವ ಶಬ್ದ ಹೇಳಿಸುವುದೆಂದರೇನು? ತೊಡಗಿದೆವು. ಪ್ರಥಮಾ, ದ್ವಿತೀಯಾ ದಾಟಿದುವು. ತೃತೀಯೆಯಲ್ಲಿ ‘ರಾಮೇಣ, ರಾಮಾಭ್ಯಾಮ್, ರಾಮೇಭಿಃ’ ಎಂದೆವು.

‘ರಾಮೈಃ,’ ಎಂದರು ಮಾವ, ಕಣ್ಣನ್ನು ದಾರಿಯಿಂದ ತೆಗೆಯದೆ. ‘ವೇದದಲ್ಲಿ ದೇವೇಭಿಃ ಎಂದು ಬರುತ್ತದೆ, ಅದನ್ನು ಕೇಳಿ ನಿನಗೆ ಬಾಯಿಗೆ ಬಂತು. ಲೋಕದಲ್ಲಿ ರಾಮೈಃ. ಮೊದಲಿನಿಂದ ಹೇಳು.’

ಈ ಭೇದಕ್ಕೆ ಆಧಾರವಾದ ಪಾಣಿನಿಯ ಸೂತ್ರಗಳನ್ನು ನಾವು ಓದಿದ್ದು ಅದಾದ ಐದು ವರ್ಷಗಳ ಮೇಲೆ. ಗುರುಗಳು ಅದನ್ನು ವಿವರಿಸುತ್ತಿರುವಾಗ ನಮಗೆ ಡೀಸೆಲಿನ ವಾಸನೆ ಬಂದಿತೆಂದರೆ ಯಾರು ನಂಬುತ್ತಾರೆ!

ಗುಂಡ್ಯದಲ್ಲಿ ಕ್ಲೀನರನ್ನು ಎಬ್ಬಿಸಿದರು. ಅವನು ಚಕ್ರಕ್ಕೆ ಕೊಡುವ ಮರದ ತುಂಡನ್ನು ಹಿಡಿದುಕೊಂಡು ಪಕ್ಕದ ಮೆಟ್ಟಿಲಿನ ಮೇಲೆ ನಿಂತನು. ಅಲ್ಲಿಂದ ಮುಂದೆ ಲಾರಿ ಮನುಷ್ಯನ ನಡಿಗೆಯಷ್ಟೇ ವೇಗ. ಆ ಕಾಲದ ಲಾರಿಯ ಗೇರು ಈಗಿನಂತೆ ಬೆರಳಿಗೆ ಮಣಿಯುವಂಥದಲ್ಲ. ಕ್ಲಚ್ಚನ್ನು ಒಮ್ಮೆ ತುಳಿದು, ಗೇರನ್ನು ಬಿಡಿಸಿ, ಕಾಲೆತ್ತಿ, ಇಂಜಿನ್ನಿಗೆ ಅಳೆದು ಅಷ್ಟೇ ವೇಗವನ್ನು ಕೊಟ್ಟು, ಮತ್ತೊಮ್ಮೆ ಕ್ಲಚ್ಚು ತುಳಿದು, ಕೆಳಗಿನ ಗೇರಿಗೆ ಸೇರಿಸಬೇಕು. ಎರಡು ಹಲ್ಲುಚಕ್ರಗಳ ವೇಗ ಸಮವಾದ ಕ್ಷಣವನ್ನು ಕಿವಿಯೇ ಹೇಳಬೇಕು. ತಪ್ಪಿತೋ, ಗೇರು ಬೀಳದು. ಭಾರದ ಲಾರಿ ಏರಿನಲ್ಲಿ ಹಿಂದಕ್ಕೆ ಜಾರತೊಡಗುವುದು. ಕ್ಲೀನರು ಹಾರಿ ಚಕ್ರದ ಹಿಂದೆ ಮರವನ್ನು ಕೊಡಬೇಕು. ಅವನು ಕೊಡುವುದು ತಡವಾದರೆ ಬಲಗಡೆ ಕೆಂಪುಹೊಳೆ. ಇದೆಲ್ಲ ಪ್ರತಿಯೊಂದು ತಿರುವಿನಲ್ಲಿಯೂ, ರಾತ್ರಿಯಿಡೀ, ಮಳೆಯಲ್ಲಿ. ಚಕ್ರವನ್ನು ತಿರುಗಿಸುವಾಗ ಮಾವ ಆಸನದಿಂದ ಅರ್ಧ ಎದ್ದು ಇಡೀ ಮೈಯನ್ನು ಅದರ ಮೇಲೆ ಹಾಕುತ್ತಿದ್ದರು. ಒಂದು ತಿರುವಿಗೆ ಒಂದು ವಿಭಕ್ತಿಯಂತೆ ನಾವು ಏರಿದೆವು. ತಿರುವಿನ ನಡುವೆ ನಾವು ನಿಲ್ಲಿಸಿದರೆ, ‘ಷಷ್ಠೀ ಎಲ್ಲಿ ಹೋಯಿತು?’ ಎಂದು ಕೇಳುತ್ತಿದ್ದರು. ‘ರಾಮಾಣಾಮ್’ ಎನ್ನುವಲ್ಲಿ ಣಕಾರ ಸಡಿಲವಾದರೆ ಮತ್ತೊಮ್ಮೆ ಹೇಳಿಸುತ್ತಿದ್ದರು. ಎದುರಿನಿಂದ ಇಳಿಯುವ ಲಾರಿ ಬಂದರೆ ಮಾತ್ರ ಕೈಯೆತ್ತಿ ಸುಮ್ಮನಿರಿಸುವರು. ಏರುವವನಿಗೆ ದಾರಿ ಬಿಡಬೇಕೆಂಬುದು ಘಟ್ಟದ ಧರ್ಮ. ಅದನ್ನು ಮೀರುವವರನ್ನು ಅವರು ತುಳುವಿನಲ್ಲಿ ಬೈಯುತ್ತಿದ್ದರು. ಶಬ್ದಾಭ್ಯಾಸಕ್ಕೆ ಸಂಸ್ಕೃತ, ಬೈಗುಳಕ್ಕೆ ತುಳು.

ನಡುದಾರಿಯಲ್ಲಿ ಒಂದು ಝರಿಯ ಬಳಿ ನಿಲ್ಲಿಸಿದರು. ರೇಡಿಯೇಟರಿನ ಬಾಯಿಯನ್ನು ಒದ್ದೆ ಗೋಣಿಯಿಂದ ಹಿಡಿದು ಮೆಲ್ಲಗೆ ತಿರುಗಿಸಲು ಬಿಸಿನೀರು ಆಳೆತ್ತರಕ್ಕೆ ಚಿಮ್ಮಿತು. ಕ್ಲೀನರು ಡಬ್ಬಿಯಲ್ಲಿ ನೀರು ತಂದು ಹೊಯ್ದನು. ಮಾವ ಸುತ್ತ ನಡೆದು ಒಂದೊಂದು ಹಗ್ಗವನ್ನೂ ಕೈಯಿಂದ ಎಳೆದು ನೋಡಿದರು, ಒಂದೊಂದು ಚಕ್ರವನ್ನೂ ಕಬ್ಬಿಣದ ಸಲಾಕೆಯಿಂದ ಬಡಿದು ಕೇಳಿದರು. ನಾವು ಏನೆಂದು ಕೇಳಿದುದಕ್ಕೆ, ‘ಏರಿದ ಗೇರಿನಲ್ಲಿಯೇ ಇಳಿಯಬೇಕು, ನಿಂತಲ್ಲೆಲ್ಲ ಹಗ್ಗ ನೋಡಬೇಕು. ನನಗೆ ಗೊತ್ತಿರುವ ಶಾಸ್ತ್ರ ಇಷ್ಟೇ’ ಎಂದರು.

ಸಕಲೇಶಪುರದಲ್ಲಿ ಬೆಳಗಾಯಿತು. ಹೇಮಾವತಿಯಲ್ಲಿ ಮುಳುಗಿ, ಖಾಕಿಯ ಅಂಗಿಯನ್ನು ಬದಿಗಿಟ್ಟು, ಮಾವ ಸಂಧ್ಯಾವಂದನೆ ಮಾಡಿದರು. ಲೋಪವೇನೂ ಇರಲಿಲ್ಲ, ನಾವು ಕದ್ದು ನೋಡಿದ್ದೆವು. ಅನಂತರ ಹೋಟೆಲಿಗೆ ಹೋದರು. ನಾವು ಲಾರಿಯ ಮೆಟ್ಟಿಲಿನ ಮೇಲೆ ಕುಳಿತು ಅವಲಕ್ಕಿ ತಿಂದೆವು. ಒಳಗಿನಿಂದ ಇಡ್ಲಿಯ ಹಬೆ ಬರುತ್ತಿತ್ತು. ‘ನಿನ್ನ ಅಪ್ಪ ಬೇಡವೆಂದಿದ್ದಾರೆ; ಬೇಡ’ ಎಂದಷ್ಟೇ ಮಾವ ಹೇಳಿದರು. ಹನ್ನೆರಡು ವರ್ಷದ ಹುಡುಗನಿಗೆ ಗುಟ್ಟಾಗಿ ಎರಡು ಇಡ್ಲಿ ಕೊಡಿಸಿ ತಮ್ಮ ಕಡೆಗೆ ಸೆಳೆದುಕೊಳ್ಳುವುದು ಕಷ್ಟವಾಗಿರಲಿಲ್ಲ. ಆ ಮನುಷ್ಯ ಹಾಗೆ ಮಾಡಲಿಲ್ಲ.

ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರಗಳ ದಾರಿಯನ್ನು ವಿಸ್ತರಿಸುವುದಿಲ್ಲ. ಊರೂರಿನ ಬಾಗಿಲಿನಲ್ಲಿ ಸುಂಕದ ಕಟ್ಟೆ. ಅಲ್ಲಿ ಅಡ್ಡಗೋಲು, ಲಾಂದ್ರ, ಅರೆನಿದ್ರೆಯ ಗುಮಾಸ್ತ. ಊರು ಹೊಗುವ ಸರಕಿಗೆ ಪುರಸಭೆಗಳು ಹಾಕುತ್ತಿದ್ದ ಆ ಸುಂಕವು 1979ರಲ್ಲಿ ನಮ್ಮ ರಾಜ್ಯದಲ್ಲಿ ರದ್ದಾಯಿತು. ಅದಕ್ಕಾಗಿ ಲಾರಿಯವರು ಪಟ್ಟ ಸಂತೋಷಕ್ಕಿಂತ, ಅಲ್ಲಿ ಕಾದು ಕಳೆದ ರಾತ್ರಿಗಳ ಕಥೆಗಳೇ ಹೆಚ್ಚು ಕಾಲ ಉಳಿದುವು.

ಮೈಸೂರಿನಲ್ಲಿ ಪಾಠಶಾಲೆಯವರೊಡನೆ ಮಾತನಾಡಿ ಬಂದ ಮಾವ ಕೇಳಿದ್ದು ಒಂದೇ ಪ್ರಶ್ನೆ: ‘ಊಟಕ್ಕೆ ಏನು ವ್ಯವಸ್ಥೆ ಎಂದು ನಿನ್ನ ಅಪ್ಪ ಹೇಳಿದ್ದಾರೆ?’ ಮೂರು ದಿನ ಪರಿಚಯದವರ ಮನೆಗಳಲ್ಲಿ, ಉಳಿದ ದಿನ ಹೇಗೋ ನಡೆಯುವುದು, ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ನಮ್ಮನ್ನು ಕರೆದುಕೊಂಡು ಹತ್ತಿರದ ಊಟದ ಮನೆಯೊಂದಕ್ಕೆ ಹೋಗಿ, ಅದನ್ನು ನಡೆಸುತ್ತಿದ್ದವರ ಕೈಯಲ್ಲಿ ಮೂರು ತಿಂಗಳಿನ ಹಣವನ್ನಿಟ್ಟರು. ದಾರಿಯ ಖರ್ಚಿಗೆಂದು ಧನಿಗಳು ಕೊಡುವ ಭತ್ಯೆಯಲ್ಲಿ ಉಳಿಸಿದ ಹಣ ಅದು. ಭತ್ಯೆಯಲ್ಲಿ ಉಳಿಸುವುದೆಂದರೆ ದಾರಿಯಲ್ಲಿ ಉಣ್ಣದಿರುವುದೆಂದು ನಮಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು. ‘ಗುರುವಾರದ ಮನೆ ನನ್ನ ಕಾಲಕ್ಕೇ ಸಾಕು’ ಎಂದರು. ತಂದೆಯವರಿಗೆ ತಿಳಿಸಬಾರದೆಂದು ಮಾತು ತೆಗೆದುಕೊಂಡರು. ಮೂರು ತಿಂಗಳಿಗೊಮ್ಮೆ ಹಣ ಸಲ್ಲುತ್ತಾ ಹೋಯಿತು. ತಮ್ಮ ಮಗನನ್ನು ಮೈಸೂರಿನ ಸಜ್ಜನರು ಸಾಕಿದರೆಂದೇ ತಂದೆಯವರು ಕೊನೆಯವರೆಗೂ ನಂಬಿದ್ದರು.

ಈಗ ಹೇಳಬೇಕಾದ ಮಾತಿಗೆ ಬಂದೆವು. 1979ರಲ್ಲಿ ನಾವು ಹದಿನೈದರ ಹುಡುಗ. ಪಾಠಶಾಲೆಯಲ್ಲಿ ಹೆಸರು ಬಂದಿದ್ದಿತು. ಸಹಪಾಠಿಗಳು ಒಳ್ಳೊಳ್ಳೆಯ ವಿದ್ವಾಂಸರ ಮನೆತನದವರು. ಯಾರ ತಾತ ಯಾವ ಸಭೆಯಲ್ಲಿ ಯಾರನ್ನು ಗೆದ್ದರೆಂಬುದೇ ಅವರ ಮಾತು. ನಮ್ಮ ಪಾಲಿಗೆ ಹೇಳಿಕೊಳ್ಳಲು ತಂದೆಯವರ ಅರ್ಚಕತನವಷ್ಟೇ. ಒಂದು ಮಧ್ಯಾಹ್ನ ಪಾಠ ಮುಗಿದು ಎಲ್ಲರೂ ಹೊರಗೆ ನಿಂತಿರುವಾಗ, ಬೀದಿಯ ಎದುರಿಗೆ ನಕ್ಷತ್ರದ ಲಾರಿ ಬಂದು ನಿಂತಿತು. ಮಾವ ಇಳಿದರು. ಮಂಡಿಯವರೆಗೆ ಮಡಿಸಿದ ಖಾಕಿಯ ಷರಾಯಿ, ಹೆಗಲಿನ ಮೇಲೆ ಎಣ್ಣೆಯ ಕಲೆಯ ಪಂಚೆ, ಕೈಯಲ್ಲಿ ತಾಯಿಯವರು ಕಳುಹಿಸಿದ ಹಲಸಿನ ಹಪ್ಪಳದ ಗಂಟು. ನೇರವಾಗಿ ನಮ್ಮ ಕಡೆಗೆ ಬರತೊಡಗಿದರು. ಪಕ್ಕದಲ್ಲಿದ್ದ ಗುರುಗಳು, ‘ಯಾರಪ್ಪ ಅವರು? ನಿನಗೆ ಏನಾಗಬೇಕು?’ ಎಂದು ಕೇಳಿದರು.

‘ನಮ್ಮೂರಿನ ಕಡೆಯ ಲಾರಿಯವರು. ಮನೆಯಿಂದ ಗಂಟು ಕಳುಹಿಸಿದ್ದಾರೆ,’ ಎಂದೆವು.

ವಾಚಕರು ಗಮನಿಸಬೇಕು. ಇದರಲ್ಲಿ ಒಂದು ಪದವೂ ಸುಳ್ಳಲ್ಲ. ಸುಳ್ಳಿಲ್ಲದ ವಾಕ್ಯವನ್ನು ರಚಿಸುವಷ್ಟು ವ್ಯಾಕರಣವು ಆಗ ನಮಗೆ ಬಂದಿದ್ದಿತು. ಮಾವ ನಾಲ್ಕು ಹೆಜ್ಜೆಯ ದೂರದಲ್ಲಿದ್ದರು. ಕೇಳಿಸಿತೆಂಬುದು ಅವರ ಹೆಜ್ಜೆ ನಿಂತದ್ದರಿಂದಲೇ ಗೊತ್ತಾಯಿತು. ನಿಂತದ್ದು ಒಂದು ಗಳಿಗೆ ಮಾತ್ರ. ಆಮೇಲೆ ಮುಂದಕ್ಕೆ ಬಂದು, ಗುರುಗಳಿಗೆ ದೂರದಿಂದಲೇ ಕೈಮುಗಿದು, ‘ಹೌದು ಶಾಸ್ತ್ರಿಗಳೇ, ಇವರ ಮನೆಯವರು ಕೊಟ್ಟದ್ದು’ ಎಂದರು. ಗಂಟನ್ನು ನಮ್ಮ ಕೈಗೆ ಕೊಡದೆ ಜಗುಲಿಯ ಮೇಲಿಟ್ಟರು. ‘ಇವರ’ ಎಂದರು. ಮಾಣಿ ಎಂದು ಕರೆಯುತ್ತಿದ್ದವರು ನಮಗೆ ಬಹುವಚನವನ್ನು ಕೊಟ್ಟರು. ಲಾರಿ ಹೊರಟಿತು. ಗೇರು ಬೀಳುವಾಗ ಕರಕರ ಶಬ್ದವಾಯಿತು. ಮಾವನ ಕೈಯಲ್ಲಿ ಗೇರು ಹಾಗೆ ಕೂಗಿದ್ದನ್ನು ಅದಕ್ಕೆ ಮೊದಲು ನಾವು ಕೇಳಿದ್ದಿಲ್ಲ.

ಊಟದ ಹಣ ನಿಲ್ಲಲಿಲ್ಲ. ಅದಾದ ಮೇಲೆ ಮಾವ ಪಾಠಶಾಲೆಯ ಬೀದಿಗೆ ಬರಲೂ ಇಲ್ಲ. ಎರಡು ಬೀದಿಯಾಚೆ ಲಾರಿಯನ್ನು ನಿಲ್ಲಿಸಿ, ಊಟದ ಮನೆಯಲ್ಲಿ ಹಣವನ್ನೂ ಗಂಟನ್ನೂ ಕೊಟ್ಟು ಹೋಗುತ್ತಿದ್ದರೆಂದು ಅಲ್ಲಿಯವರು ಹೇಳುತ್ತಿದ್ದರು. ರಜೆಗೆ ಊರಿಗೆ ಹೋಗುವಾಗ ನಾವು ಬಸ್ಸು ಹತ್ತುತ್ತಿದ್ದೆವು. ಬಸ್ಸಿನ ಹಣವೂ ಊಟದ ಮನೆಯಲ್ಲಿಯೇ ಸಿಕ್ಕುತ್ತಿತ್ತು.

1987ರಲ್ಲಿ ನಮಗೆ ಕೆಲಸವಾಯಿತು. ಮೊದಲ ಸಂಬಳದಲ್ಲಿ ಒಂದು ಜೊತೆ ಪಂಚೆಯನ್ನು ಕೊಂಡು, ಉಪ್ಪಿನಂಗಡಿಯ ಬಳಿ ಲಾರಿ ರಿಪೇರಿಗೆ ನಿಂತಿದೆಯೆಂದು ತಿಳಿದು ಅಲ್ಲಿಗೆ ಹೋದೆವು. ಮಾವ ಲಾರಿಯಡಿಯಲ್ಲಿ ಮಲಗಿದ್ದರು. ಪಾದಗಳು ಮಾತ್ರ ಹೊರಗೆ. ನಾವು ಪಾದಗಳಿಗೆ ನಮಸ್ಕರಿಸಿ, ‘ಮಾವ, ಆ ದಿನ ಪಾಠಶಾಲೆಯ ಎದುರಿನಲ್ಲಿ…’ ಎಂದು ತೊಡಗಿದೆವು. ಅಡಿಯಿಂದ, ‘ಮಾಣಿ, ಅಲ್ಲಿ ಗ್ರೀಸಿನ ಡಬ್ಬಿ ಇದೆ, ಇತ್ತ ತಳ್ಳು’ ಎಂದು ಬಂದಿತು. ತಳ್ಳಿದೆವು. ಅನಂತರ ಅರ್ಧ ಗಂಟೆ, ಕಮಾನುಪಟ್ಟಿ ಮುರಿದದ್ದು ಹೇಗೆ, ಹೊಸ ಹುಡುಗರು ಗ್ರೀಸು ಹಾಕದೆ ಹೇಗೆ ಗಾಡಿಯನ್ನು ಕೊಲ್ಲುವರು, ಎಂದು ಹೇಳುತ್ತಲೇ ಇದ್ದರು. ನಮ್ಮ ಮಾತಿಗೆ ಎಡೆಯೇ ಸಿಕ್ಕಲಿಲ್ಲ. ಎಡೆ ಕೊಡಬಾರದೆಂದೇ ಹೇಳುತ್ತಿದ್ದರೋ ಏನೋ. ಮಾಣಿ ಎಂದು ಕರೆದರಲ್ಲ ಎಂಬಷ್ಟೇ ಸಮಾಧಾನದಿಂದ ಹಿಂದಿರುಗಿದೆವು.

1990ರ ಸುಮಾರಿಗೆ ಅವರ ಕಣ್ಣು ಮಂಜಾಯಿತು. ಎದುರಿನ ದೀಪ ಎರಡಾಗಿ ಕಾಣುತ್ತದೆಂದು ತಾವೇ ಹೇಳಿ ಕೆಲಸ ಬಿಟ್ಟರು, ಧನಿಗಳು ಬಿಡಿಸಿದ್ದಲ್ಲ. ಎಡಗಾಲಿನ ಮಂಡಿ ಕ್ಲಚ್ಚಿನಿಂದ ಸವೆದಿತ್ತು. ತಂದೆಯವರು ಹೋದ ಮೇಲೆ ನಮ್ಮ ಮನೆಯಲ್ಲಿಯೇ ಇದ್ದರು. ಪಂಕ್ತಿಯಲ್ಲಿ ನಮ್ಮ ಮಣೆಗೆ ತಾಗಿಸಿ ಅವರ ಮಣೆಯನ್ನು ಹಾಕಿಸಿದ ಮೊದಲ ದಿನ, ಅಭ್ಯಾಸಬಲದಿಂದ ಅದನ್ನು ಒಂದು ಗೇಣು ಆಚೆಗೆ ಸರಿಸಿಕೊಂಡೇ ಕುಳಿತರು. ರಾತ್ರಿ ಘಟ್ಟವೇರುವ ಲಾರಿಯ ಸದ್ದಿಗೆ ಎಚ್ಚತ್ತು, ‘ಈಗ ಎರಡನೆಯ ಗೇರು ಹಾಕಬೇಕಿತ್ತು, ತಡ ಮಾಡಿದ’ ಎಂದು ಕತ್ತಲಲ್ಲಿ ಅನ್ನುವರು. 1998ರಲ್ಲಿ ತೀರಿಕೊಂಡರು. ನಕ್ಷತ್ರದ ಲಾರಿ ಅದಕ್ಕೂ ಮೊದಲೇ ಗುಜರಿಗೆ ಹೋಗಿದ್ದಿತು. ಬಳ್ಳಿಯ ಕೆತ್ತನೆಯ ಬಾಗಿಲು ಏನಾಯಿತೋ ತಿಳಿಯಲಿಲ್ಲ.

ನಿವೃತ್ತಿಯಾದ ವರ್ಷದ ಡಿಸೆಂಬರಿನಲ್ಲಿ ಹಾಸನದಿಂದ ಊರಿಗೆ ರಾತ್ರಿಯ ಬಸ್ಸಿನಲ್ಲಿ ಬರುತ್ತಿದ್ದೆವು. ಘಟ್ಟದ ನಡುವೆ ಮಾರನಹಳ್ಳಿಯ ಬಳಿ ಬಸ್ಸು ಕೆಟ್ಟಿತು. ದಾರಿಯೇನೋ ಈಗ ಕಾಂಕ್ರೀಟಿನದು. 2015ರಲ್ಲಿಯೂ 2018ರಲ್ಲಿಯೂ ತಿಂಗಳುಗಟ್ಟಲೆ ಮುಚ್ಚಿ ಹಾಸಿದರು. ಆದರೂ ಕೆಡುವ ಬಸ್ಸು ಕೆಡುವುದೇ. ಛಳಿಯಲ್ಲಿ ನಿಂತಿರುವಾಗ ಹದಿನಾಲ್ಕು ಚಕ್ರದ ಲಾರಿಯೊಂದು ನಿಧಾನಿಸಿತು. ಮೂವತ್ತರ ಒಳಗಿನ ಹುಡುಗ ತಲೆ ಹೊರಗೆ ಹಾಕಿ, ‘ಎಲ್ಲಿಗ್ರಿ ಅಜ್ಜಾರ? ಬರ್ರಿ, ಹತ್ರಿ ಮ್ಯಾಲೆ’ ಎಂದನು. ವಿಜಯಪುರದ ಕಡೆಯವನು, ಮಂಗಳೂರಿನ ಬಂದರಿಗೆ ಹೋಗುವವನು. ಒಬ್ಬನೇ. ಕ್ಲೀನರು ಎಲ್ಲಿ ಎಂದೆವು. ‘ಈಗ ಯಾರು ಬರ್ತಾರ್ರಿ ಕ್ಲೀನರ್ ಕೆಲಸಕ್ಕ? ಬಂದ್ರೂ ಮಾಲಕ್ರು ಪಗಾರ ಕೊಡಂಗಿಲ್ಲ’ ಎಂದನು. ಚಕ್ರವನ್ನು ಒಂದೇ ಕೈಯಿಂದ, ಬೀಸುವ ಕಲ್ಲನ್ನು ತಿರುಗಿಸಿದಂತೆ ತಿರುಗಿಸುತ್ತಿದ್ದನು. ಆದರೆ ಗೇರು ಮಾತ್ರ ಸಣ್ಣದರಲ್ಲಿಯೇ ಇತ್ತು. ಏರಿದ ಗೇರಿನಲ್ಲಿ ಇಳಿಯುತ್ತಿದ್ದನು. ನಮಗೆ ಅವನ ಮೇಲೆ ವಿಶ್ವಾಸ ಹುಟ್ಟಿತು.

ಸ್ವಲ್ಪ ದೂರ ಹೋದ ಮೇಲೆ, ‘ಅಜ್ಜಾರ, ಎರಡು ರಾತ್ರಿ ಆತು ಮಲಗಿಲ್ಲ. ಏನರ ಮಾತಾಡ್ರಿ, ನಿದ್ದಿ ಬರ್ತದ’ ಎಂದನು.

ಏನು ಮಾತನಾಡುವುದು? ಈ ಹುಡುಗನಿಗೆ ರಾಮಶಬ್ದವನ್ನು ಹೇಳಲಾದೀತೇ? ನಾವು ಇದ್ದಲಿನ ಲಾರಿಯಿಂದ ತೊಡಗಿದೆವು. ಅವನು ಮೊದಲು ನಂಬಲಿಲ್ಲ, ಅನಂತರ ನಕ್ಕನು. ಎರಡು ಬಾರಿ ಕ್ಲಚ್ಚು ತುಳಿಯುವುದನ್ನು ಹೇಳಿದಾಗ ತನ್ನ ಕಾಲನ್ನೊಮ್ಮೆ ನೋಡಿಕೊಂಡನು. ಒದ್ದೆಗೋಣಿ, ಮರದ ತುಂಡು, ಅರ್ಧ ಎದ್ದು ನಿಂತು ತಿರುಗಿಸುವ ಚಕ್ರ, ಭತ್ಯೆಯಲ್ಲಿ ಉಳಿಸಿದ ಹಣ, ಎಲ್ಲವನ್ನೂ ಕೇಳಿದನು. ಶಿರಾಡಿ ಹಿಂದಾಯಿತು. ಗುಂಡ್ಯದ ದೀಪಗಳು ಕಂಡುವು.

‘ಭಾರಿ ಡ್ರೈವರ್ ಇದ್ದಾರ ಬಿಡ್ರಿ ಅವರು,’ ಎಂದನು. ‘ನಿಮಗ ಏನಾಗಬೇಕ್ರಿ?’

‘ನಮ್ಮ ಸೋದರಮಾವ,’ ಎಂದೆವು.

‘ಹೌದೇನ್ರಿ,’ ಎಂದು ಅವನು ದೀಪವನ್ನು ತಗ್ಗಿಸಿ, ಎದುರಿನಿಂದ ಏರಿ ಬರುತ್ತಿದ್ದ ಲಾರಿಗೆ ದಾರಿ ಬಿಟ್ಟನು.